ಮೂರು ಬಡಿತದ ಬಾಗಿಲು

ಟಕ್... ಟಕ್... ಟಕ್.

ಇಂದ್ರಾಬಾಯಿಯ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಜಾರಿ ನೆಲಕ್ಕೆ ಬಿತ್ತು.

ಬಂದರು! ಇವತ್ತೂ ಬಂದರು!

ಇಪ್ಪತ್ತು ದಿನದಿಂದ ಹೀಗೇ. ದೀಪ ಹಚ್ಚುವ ಹೊತ್ತಾಯಿತೆಂದರೆ ಮೂರು ಸಲ ಬಡಿದ ಸಪ್ಪಳ. ಓಡಿ ಹೋಗಿ ಬಾಗಿಲು ತೆರೆದರೆ ಯಾರೂ ಇಲ್ಲ. ಬರೀ ಗಾಳಿ, ದೂರದಲ್ಲಿ ಹಟ್ಟಿಗೆ ಮರಳುವ ಕುರಿಗಳ ಧೂಳು.

ಆದರೆ ಇವತ್ತು ಆಕೆ ಓಡಲಿಲ್ಲ. ನಿಂತಲ್ಲೇ ಕಲ್ಲಾದಳು.

ಯಾಕೆಂದರೆ ಬಾಗಿಲು ಮೊದಲೇ ತೆರೆದಿತ್ತು! ಅತ್ತೆ ಸಾತವ್ವ ಹೊಸ್ತಿಲ ಹೊರಗೆ ಕೂತು ಉಣ್ಣೆ ನೂಲುತ್ತಿದ್ದಳು. ಯಾರೂ ಬಂದಿರಲಿಲ್ಲ, ಯಾರೂ ಬಡಿದಿರಲಿಲ್ಲ.

ಟಕ್... ಟಕ್... ಟಕ್.

ಪಡುವಣ ಗೋಡೆಯ ಆಚೆಯಿಂದ!

ಇಂದ್ರಾಬಾಯಿ ಸೆರಗು ಬಿಗಿದು ಹೊರಗೆ ನಡೆದಳು. ಪಕ್ಕದ ಮನೆ ವರ್ಷದಿಂದ ಖಾಲಿ ಇತ್ತು. ಹೋದ ತಿಂಗಳಷ್ಟೇ ಯಂಕಂಚಿಯ ದನದ ದವಾಖಾನೆಗೆ ಹೊಸದಾಗಿ ಬಂದ ಕಂಪೌಂಡರ್ ಅದನ್ನು ಹಿಡಿದಿದ್ದ. ಆಕೆ ಅವನ ಮುಖ ನೋಡಿರಲಿಲ್ಲ. ನೋಡುವ ಮನಸ್ಸೂ ಇರಲಿಲ್ಲ.

ಕದ ನೂಕಿದಳು.

ಕಂದೀಲಿನ ಬೆಳಕಲ್ಲಿ ಒಬ್ಬ ಗಂಡಸು ಕೂತಿದ್ದ. ಕಣ್ಣು ಮುಚ್ಚಿದ್ದ. ತೆಳ್ಳಗಿನ ಒಂದು ಹಲಗೆಯನ್ನು ಎರಡೇ ಬೆರಳಲ್ಲಿ ತೂಗುಬಿಟ್ಟು, ಕೂಸಿನ ಎದೆಗೆ ಕಿವಿಗೊಟ್ಟವನ ಹಾಗೆ ಕಿವಿಯ ಹತ್ತಿರ ಹಿಡಿದಿದ್ದ. ಬೆರಳಿನ ಗಿಣ್ಣಿನಿಂದ ಬಡಿದ. ಮೇಲೆ... ನಡುವೆ... ಕೆಳಗೆ.

"ಕೆಳಗಿಡ್ರಿ ಅದನ್ನ!"

ಅವನು ಬೆಚ್ಚಿ ಕಣ್ಣು ಬಿಟ್ಟ. ಎದುರಿಗೆ ಕೆದರಿದ ಕೂದಲಿನ, ಕಣ್ಣಲ್ಲಿ ಬೆಂಕಿ ತುಂಬಿಕೊಂಡ ಹೆಣ್ಣು!

"ಯಾಕ್ರಿ... ಏನಾತ್ರಿ?"

"ಇಪ್ಪತ್ತ ದಿನದಿಂದ ನೀವನ ಬಡ್ಯಾಕತ್ತೀರೇನು? ಇದನ್ನ?"

"ಹೌದ್ರಿ... ಗಿಟಾರ ಮಾಡಾಕತ್ತೇನ್ರಿ. ಹಲಿಗಿ ಸರಿಯಾಗಿ ತೆಳ್ಳಗ ಆಗೇತೋ ಇಲ್ಲೋ ಬಡದ ನೋಡಬೇಕಾಗತೈತಿ. ಮೂರೂ ಕಡೆ ದನಿ ಕೂಡಿದ್ರನ..."

"ಗಿಟಾರ!" ಇಂದ್ರಾಬಾಯಿಯ ತುಟಿ ನಡುಗಿತು. "ನನ್ನ ಗಂಡನ್ನ ಎರಡನೇ ಸಲಾ ಕೊಂದ್ರಿ ನೀವು!"

ಬಂದಷ್ಟೇ ವೇಗದಲ್ಲಿ ಹೊರಟುಹೋದಳು. ಕಂಪೌಂಡರ್ ಅಮೋಘಸಿದ್ಧನ ಕೈಯಲ್ಲಿ ಹಲಗೆ ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿತ್ತು.

* * *

ಎರಡು ವರ್ಷದ ಹಿಂದೆ, ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ, ಅವಳ ಗಂಡ ಮಾಳಿಂಗಪ್ಪ ಕುರಿ ಹೊಡಕೊಂಡು ಭೀಮಾ ಹೊಳೆಯ ಆಚೆ ಹೋಗಿದ್ದ. ಮೂರೇ ದಿನದ ಜ್ವರ. ಜೊತೆಗಾರರು ಅಲ್ಲೇ ಮಣ್ಣು ಮಾಡಿ, ಅವನ ಕಂಬಳಿ ಮಾತ್ರ ತಂದುಕೊಟ್ಟರು.

ಮುಖ ನೋಡದ ಸಾವು ಅದು. ನೋಡದ್ದನ್ನು ಮನಸ್ಸು ಹೇಗೆ ನಂಬೀತು?

ಮದುವೆಯಾದ ಹೊಸತರಲ್ಲಿ ಮಾಳಿಂಗಪ್ಪ ಅವಳಿಗೊಂದು ಮಾತು ಹೇಳಿದ್ದ. ಆ ಸೀಮೆಯ ಕುರಿಗಾರರ ಮನೆಗಳಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದೇ. ಹೊತ್ತು ಮುಳುಗಿದ ಮೇಲೆ ದೆವ್ವ ಬಂದು ಒಂದೇ ಸಲ ಬಡಿಯುತ್ತದೆ. ಮೂರು ಸಲ ಬಡಿಯುವುದು ಉಸಿರಿದ್ದ ಮನುಷ್ಯ ಮಾತ್ರ.

"ಒಂದ ಸಲ ಬಡದ್ರ ತೆಗೀಬ್ಯಾಡ ನೋಡ ಇಂದ್ರಾ. ನಾನ ಆದ್ರೂ ತೆಗೀಬ್ಯಾಡ!" ಎಂದು ನಕ್ಕಿದ್ದ. ಬೆರಳಿಗೆ ಬೆಳ್ಳಿ ಉಂಗುರ ಹಾಕುತ್ತಿದ್ದ ಅವನು, ಪ್ರತಿ ಸಲವೂ ಬಾಗಿಲಿನ ಒಂದೇ ಜಾಗಕ್ಕೆ ಮೂರು ಬಡಿಯುತ್ತಿದ್ದ.

ಅದಕ್ಕೇ ಈ ಮೂರು ಬಡಿತ ಕೇಳಿದಾಗ ಅವಳಿಗೆ ಭಯವಾಗಲಿಲ್ಲ. ಉಸಿರಿದೆ... ಎಲ್ಲೋ ಉಸಿರಿದೆ ಅವರಿಗೆ! ದಿನಾ ಒಂದು ತಾಟು ಹೆಚ್ಚಿಗೆ ಇಟ್ಟಳು. ತಲೆ ಬಾಚಿಕೊಂಡಳು. ರೊಟ್ಟಿ ಗಂಟಲಲ್ಲಿ ಇಳಿಯತೊಡಗಿತು.

ಅಮಾವಾಸ್ಯೆಯ ದಿನ ಮಾತ್ರ ಒಂದೇ ಒಂದು ಬಡಿತ ಕೇಳಿತ್ತು. ಅವತ್ತು ಮೈ ತಣ್ಣಗಾಗಿ, ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ತೆರೆಯಲಿಲ್ಲ.

ಈಗ ಎಲ್ಲ ಮುಗಿಯಿತು. ಬರೀ ಹಲಗೆ! ಯಾರದೋ ಗಿಟಾರಿನ ಹಲಗೆ!

ಅಂದು ರಾತ್ರಿ ಊಟಕ್ಕೆ ಕೂತಾಗ ಸಾತವ್ವ ಸೊಸೆಯ ತಾಟು ನೋಡಿ ನಿಟ್ಟುಸಿರು ಬಿಟ್ಟಳು.

"ಗೊತ್ತಾತೇನು ಮಗಳ?"

ಇಂದ್ರಾಬಾಯಿ ತಟ್ಟನೆ ತಲೆ ಎತ್ತಿದಳು. "ಅತ್ತಿ! ನಿನಗ ಮೊದಲ ಗೊತ್ತಿತ್ತೇನು?"

"ಹೆತ್ತಾಕಿಗೆ ಗೊತ್ತಾಗೂದಿಲ್ಲೇನು? ನನ್ನ ಮಗಾ ಬಡದ ಮ್ಯಾಲ ತಡಾ ಆದ್ರ 'ಎವ್ವಾ' ಅಂತ ಒದರತಿದ್ದ. ಇದು ಒಂದಿನಾನೂ ಒದರಲಿಲ್ಲ. ಮತ್ತ ಈಗಿಂದು ಪತ್ರಾ ಬಾಗಿಲಾ. ಪತ್ರಾ ಬಡದ್ರ ಕಟ್ಟಿಗಿ ಸಪ್ಪಳ ಬರ್ತೈತೇನು, ಹುಚ್ಚಿ?"

ಹೌದಲ್ಲ! ಹಳೆಯ ಸಾಗವಾನಿ ಬಾಗಿಲಿಗೆ ಗೆದ್ದಲು ಹತ್ತಿತೆಂದು ಹೋದ ವರ್ಷವೇ ಮಾರಿ ತಗಡಿನದು ಹಾಕಿಸಿದ್ದರು. ಇಪ್ಪತ್ತು ದಿನ ಕಟ್ಟಿಗೆಯ ದನಿಗೆ ಓಡಿ ಬಂದು ತಗಡಿನ ಬಾಗಿಲು ತೆರೆದಿದ್ದಳು ಆಕೆ.

"ಮತ್ಯಾಕ ಹೇಳಲಿಲ್ಲ?"

ಸಾತವ್ವ ರೊಟ್ಟಿ ಮುರಿಯುತ್ತ ಮೆಲ್ಲಗೆ ಹೇಳಿದಳು. "ನೀ ಉಣ್ಣಾಕತ್ತಿದ್ದಿ. ಸುಮ್ಮಕ ಇದ್ದೆ."

* * *

ಮರುದಿನದಿಂದ ಗೋಡೆಯ ಆಚೆ ಮೌನ.

ಒಂದು ದಿನ... ಮೂರು ದಿನ... ಎಂಟು ದಿನ.

ಬಡಿತಕ್ಕಿಂತ ಆ ಮೌನವೇ ಭಾರವಾಯಿತು. ದೀಪ ಹಚ್ಚುವ ಹೊತ್ತಿಗೆ ಅವಳ ಕಿವಿ ತಾನೇ ಗೋಡೆಯ ಕಡೆ ತಿರುಗುತ್ತಿತ್ತು. ಕಡ್ಡಿ ಗೀರುವುದು ಮರೆತು ಕೂತಿರುತ್ತಿದ್ದಳು. 'ಯಾರಿಗೆ ಕಾಯಾಕತ್ತೇನಿ ನಾನು? ಸತ್ತಾವರಿಗೋ... ಹಲಿಗಿಗೋ?' ಮನೆದೇವರಾದ ಸಿದ್ಧನ ಫೋಟೋದ ಮುಂದೆ ಹಣೆಗೆ ಭಂಡಾರದ ಅರಿಷಿಣ ಹಚ್ಚಿಕೊಳ್ಳುತ್ತ ಕೇಳಿದಳು. 'ತಂದೆ, ಇದು ಪಾಪ ಐತೇನು?'

ಒಂಬತ್ತನೆಯ ದಿನ ಮಧ್ಯಾಹ್ನ ಒಂದು ಮರಿಯನ್ನು ಎತ್ತಿಕೊಂಡು ದವಾಖಾನೆಗೆ ಹೋದಳು.

"ಕುಂಟಾಕತ್ತೈತ್ರಿ," ಎಂದಳು ಅವನ ಮುಖ ನೋಡದೆ.

ಅಮೋಘಸಿದ್ಧ ನಾಲ್ಕೂ ಗೊರಸು ನೋಡಿ ಮರಿಯನ್ನು ಕೆಳಗಿಟ್ಟ. ಅದು ಚಂಗನೆ ಹಾರಿ ಔಷಧಿ ಬಾಟ್ಲಿ ಉರುಳಿಸಿ ಅಂಗಳಕ್ಕೆ ಓಡಿತು.

"ಆರಾಮ ಆತ್ ನೋಡ್ರಿ," ಅಂದ ಅವನು ಗಂಭೀರವಾಗಿ. "ಔಷಧ ಸೈತ ಕೊಟ್ಟಿಲ್ಲ. ನಮ್ಮ ಮಸೂತಿ ಊರಿನ ಮಂದಿ ಕೈಗುಣಾನ ಹಂಗ."

ಎರಡು ವರ್ಷದ ಮೇಲೆ ಇಂದ್ರಾಬಾಯಿಯ ತುಟಿಯಂಚಿಗೆ ನಗು ಬಂದು, ಅಲ್ಲೇ ಹೆದರಿ ನಿಂತಿತು.

"ಬಡಿಯೂದ ಯಾಕ ಬಿಟ್ರಿ?"

ಅವನ ಮುಖ ಇಳಿಯಿತು. "ಬಡಿಗ್ಯಾರ ಕಾಸಿಂಸಾಬ ಎಲ್ಲಾ ಹೇಳಿದ್ರು. ನನಗ ಗೊತ್ತಿರಲಿಲ್ರಿ... ಸಿದ್ಧನಾಣಿ ಗೊತ್ತಿರಲಿಲ್ಲ. ಇನ್ನ ಯಾ ಹಲಿಗಿನೂ ಬಡಿಯೂದಿಲ್ಲ, ಯಾ ಬಾಗಿಲಾನೂ ಬಡಿಯೂದಿಲ್ಲಂತ ಆಣಿ ಮಾಡೇನಿ."

"ಬಡೀದಿದ್ರ ಅದು ಮುಗಿಯೂದ ಹ್ಯಾಂಗ?"

"ಮುಗಿಯೂದಿಲ್ಲ ಬಿಡ್ರಿ."

ಆಕೆ ಉರುಳಿದ ಬಾಟ್ಲಿ ಎತ್ತಿ ನಿಲ್ಲಿಸಿದಳು. ಆಮೇಲೆ, ತಾನೇ ಬೆರಗಾಗುವ ಹಾಗೆ ಹೇಳಿದಳು.

"ಆಣಿ ನಿಮ್ಮದು. ನನ್ನದಲ್ಲ. ನಾ ಬಡೀತೇನಿ."

* * *

ಹೀಗೆ ಶುರುವಾಯಿತು ಆ ಕೆಲಸ. ಸಂಜೆಯ ಮುಂಚೆ, ಎಲ್ಲರ ಕಣ್ಣೆದುರಿಗೇ, ಅವನ ಮನೆಯ ಕಟ್ಟೆಯ ಮೇಲೆ. ಸಾತವ್ವ ನಡುವೆ ನೂಲು ಹಿಡಿದು ಕೂತಿರುತ್ತಿದ್ದಳು.

ಅವನೇನು ಬಡಿಗನಲ್ಲ. ಕಂಪೌಂಡರ್ ಟ್ರೇನಿಂಗಿಗೆ ಹೋದಾಗ ಕೋಣೆಯ ಗೆಳೆಯನ ಹತ್ತಿರ ಒಂದು ಗಿಟಾರ್ ಇತ್ತಂತೆ. ಅದರ ಮೈಯನ್ನು ದಾರ ಹಿಡಿದು ಅಳೆದು, ಅಳತೆಗೊಂದು ಗಂಟು ಹಾಕಿ ಇಟ್ಟುಕೊಂಡಿದ್ದ. ಇವನಿಗೆ ಸಿಕ್ಕ ಹಲಗೆ ಗಿಡ್ಡ. ಅದಕ್ಕೇ ಗಿಟಾರೂ ಸಣ್ಣದು, ಮಡಿಲಲ್ಲಿ ಕೂರುವ ಕೂಸಿನಷ್ಟು. ಮುಂದಿನ ಮೈ ಔಷಧಿ ಬಂದ ಪೆಟ್ಟಿಗೆಯ ಹಗುರ ಕಟ್ಟಿಗೆ. ಹಿಂದಿನದು ಸಾಗವಾನಿ. ಪಕ್ಕದ ಪಟ್ಟಿಗಳನ್ನು ನೀರಲ್ಲಿ ನೆನೆಸಿ, ಕಾದ ಕೊಳವೆಗೆ ಒತ್ತಿ ಮಣಿಸಿದ್ದ. ಎರಡು ಸಲ ಮುರಿದಿದ್ದವಂತೆ.

"ಮುರದಾಗ ಸಿಟ್ಟ ಬರಲಿಲ್ಲೇನ್ರಿ?" ಅಂದಳು ಆಕೆ.

"ಬಂತ್ರಿ. ಕಟ್ಟಿಗಿಗೆ ಬೈದೆ. ಅದು ತಿರುಗಿ ಮಾತಾಡಲಿಲ್ಲ. ಮತ್ತ ನಾನ ತಪ್ಪ ಒಪ್ಪಿಕೊಂಡೆ."

ಅವನು ಹಲಗೆ ಹೆರೆಯುತ್ತಿದ್ದ, ಆಕೆ ಬಡಿದು ಕೇಳುತ್ತಿದ್ದಳು. "ಇಲ್ಲಿನ್ನೂ ಮೂಕ ಐತಿ..." "ನಡಾಕ ಸರಿ ಆತು..." ಎರಡು ವರ್ಷ ಬಾಗಿಲಿಗೆ ಕಿವಿಗೊಟ್ಟವಳಿಗಿಂತ ಚೆನ್ನಾಗಿ ಕೇಳುವವರು ಯಾರಿದ್ದಾರು?

ಒಂದು ದಿನ ಅವನು ಸಾಗವಾನಿಯನ್ನು ಬೆಳಕಿಗೆ ಹಿಡಿದು ಗೊಣಗಿದ. "ಈ ತಗ್ಗ ನೋಡ್ರಿ. ಎಷ್ಟ ಹೆರದ್ರೂ ಹೋಗವಲ್ದು."

ನೋಡಿದಳು.

ಕಾಳಿನಷ್ಟು ತಗ್ಗು. ಸುತ್ತ ಅರಿಷಿಣದ ಹಳೆಯ ಕಲೆ. ಪ್ರತಿ ಸೋಮವಾರ ತಾನೇ ಹಚ್ಚಿದ್ದ ಅರಿಷಿಣ. ಬೆಳ್ಳಿ ಉಂಗುರ, ಒಂದೇ ಜಾಗ, ಸಾವಿರ ಸಂಜೆ...

"ಈ ಹಲಿಗಿ... ಎಲ್ಲಿದು?"

"ಕಾಸಿಂಸಾಬ ಕೊಟ್ರು. ಯಾರದೋ ಮನಿ ಹಳೀ ಬಾಗಿಲಾ ಅಂತ. ಕೆಳಗ ಗೆದ್ದಲಾ ತಿಂದಿತ್ತು. ಮ್ಯಾಲಿಂದು ಗಟ್ಟಿ ಇತ್ತಂತ ತಗೊಂಡೆ."

ಸಾತವ್ವನ ಕೈಯ ನೂಲು ಕಡಿಯಿತು.

ಇಂದ್ರಾಬಾಯಿ ಆ ಹಲಗೆಯನ್ನು ಎದೆಗೊತ್ತಿಕೊಂಡಳು. ಹುಚ್ಚಲ್ಲ... ತನಗೆ ಹುಚ್ಚು ಹಿಡಿದಿರಲಿಲ್ಲ! ತಾನು ಕೇಳಿದ್ದು ತನ್ನದೇ ಬಾಗಿಲು!

"ಇದು ನಮ್ಮ ಬಾಗಿಲಾರಿ," ಎಂದಷ್ಟೇ ಹೇಳಿ ಹಲಗೆಯನ್ನು ಅವನ ಕೈಗಿಟ್ಟು ಎದ್ದುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

'ಮತ್ತೊಮ್ಮೆ ಆಕಿ ಗಾಯಾ ಕೆದರಿದೆ,' ಎಂದುಕೊಂಡ ಅಮೋಘಸಿದ್ಧ. ಅದೇ ವಾರ ಮುದ್ದೇಬಿಹಾಳಕ್ಕೆ ವರ್ಗದ ಆರ್ಡರೂ ಬಂತು. 'ದೇವರು ದಾರಿ ತೋರಿಸಿದ.'

* * *

"ಸೋಮವಾರ ಹೊಂಟಾನಂತ," ಅಂದಳು ಸಾತವ್ವ, ಒಲೆಯ ಮುಂದೆ ಕೂತು.

ಇಂದ್ರಾಬಾಯಿ ಗೋಡೆಗೆ ನೇತುಬಿದ್ದ ಗಂಡನ ಬಿಲ್ಲನ್ನು ನೋಡುತ್ತಿದ್ದಳು. ಉಣ್ಣೆ ಹಿಂಜುವ ಬಿಲ್ಲು. ಕುರಿಯ ಕರುಳು ಹೊಸೆದು ಮಾಡಿದ ಹುರಿ ಅದಕ್ಕೆ.

"ನಮ್ಮಾಗ ಉಡಿಕಿ ಐತಿ ಮಗಳ. ಗಂಡ ಸತ್ತಾಕಿಗೆ ಮತ್ತೊಂದ ಸೀರಿ ಉಡಿಸಿ ಕಳಿಸೂದು ಹಿರ್ಯಾರು ಮಾಡಿದ ಪದ್ಧತಿ. ಉಡಸಾಕ ನಾ ತಯಾರ ಅದೇನಿ."

"ಅತ್ತಿ! ನಿನ್ನ ಮಗನ ಹೇಣತಿ ನಾನು!"

"ಅದಕ್ಕ ಹೇಳಾಕತ್ತೇನಿ. ಮಗಾ ಇಲ್ಲ. ಮಗಳಾದ್ರೂ ನಗನಗತಾ ಇರಲಿ." ಸಾತವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೊಗಿ ಭಾಳ ಆತು ಈ ಒಲ್ಯಾಗ."

ಒಲೆಯಲ್ಲಿ ಹೊಗೆ ಇರಲಿಲ್ಲ.

ಭಾನುವಾರ ಸಂಜೆ. ಇಂದ್ರಾಬಾಯಿ ದೀಪ ಹಚ್ಚಿ ಕೂತಿದ್ದಳು. ಮುಚ್ಚಿದ ತಗಡಿನ ಬಾಗಿಲ ಆಚೆ ಯಾವ ಸಪ್ಪಳವೂ ಇಲ್ಲ. ಆದರೂ ಎದೆ ಹೇಳಿತು... ಯಾರೋ ಇದ್ದಾರೆ. ನಿಂತಿದ್ದಾರೆ.

ಬಡಿತವಿಲ್ಲದ ಬಾಗಿಲನ್ನು ಆಕೆ ತೆರೆದಳು.

ಅಮೋಘಸಿದ್ಧ! ತೋಳಲ್ಲಿ ಕಂಬಳಿ ಸುತ್ತಿದ ಸಣ್ಣ ಗಿಟಾರ್.

"ಎಷ್ಟೊತ್ತಾತ್ರಿ ನಿಂತು?"

"ಭಾಳ ಹೊತ್ತಾತ್ರಿ."

"ಕರೀಬೇಕಿಲ್ಲೇನ್ರಿ?"

"ಬಡಿಯೂ ಹಂಗಿಲ್ಲ. ಕರ್ಯಾಕ ಬಾಯಿ ಬರಲಿಲ್ಲ." ಅವನು ಗಿಟಾರನ್ನು ಮುಂದೆ ಹಿಡಿದ. "ಇದು ನಿಮ್ಮ ಬಾಗಿಲಾ. ನಿಮಗ ಮುಟ್ಟಬೇಕು. ಒಂದು ತಂತಿ ಹರೀತು, ಐದ ಅದಾವು. ಆ ತಗ್ಗ ಹಂಗ ಬಿಟ್ಟೇನಿ."

ಹೋಗಲು ತಿರುಗಿದವನು ಮತ್ತೆ ನಿಂತ.

"ಒಂದ ಸುಳ್ಳ ನನ್ನ ಮ್ಯಾಲ ಉಳೀಬಾರದ್ರಿ. ಎಲ್ಲಾ ದಿನಾ ನಾನ ಬಡದೇನಂತ ಒಪ್ಪಿಕೊಂಡಿದ್ದೆ. ಅಮಾಸಿ ದಿನ ನಾ ಊರಾಗ ಇರಲಿಲ್ಲ. ದನಕ್ಕ ಸೂಜಿ ಹಾಕಾಕ ಇಂಡಿಗೆ ಹೋಗಿದ್ದೆ. ಮನಿ ಕೀಲಿ ಹಾಕಿತ್ತು."

ಇಂದ್ರಾಬಾಯಿಯ ಉಸಿರು ನಿಂತಿತು.

ಅಮಾವಾಸ್ಯೆ... ಒಂದೇ ಒಂದು ಬಡಿತ...

*ನಾನ ಆದ್ರೂ ತೆಗೀಬ್ಯಾಡ.*

ಬಿಸಿಲಿಗೆ ಕಾದ ಹಲಗೆ ತಂಪಿಗೆ ಸಿಡಿದ ಸಪ್ಪಳವೋ, ಹೊಳೆಯಾಚೆಯಿಂದ ನಡೆದು ಬಂದವನ ಕೊನೆಯ ಮಾತೋ, ಸಿದ್ಧನೇ ಬಲ್ಲ. ಆದರೆ ಅವಳೊಳಗೆ ಎರಡು ವರ್ಷ ಬಿಗಿದು ನಿಂತದ್ದೇನೋ ಮೆಲ್ಲಗೆ ಸಡಿಲಾಯಿತು. ಮಾಳಿಂಗಪ್ಪ ಬಂದಿದ್ದ. ಹೇಳಿ ಹೋಗಿದ್ದ. ಅವನ ಮಾತಿನಂತೆಯೇ ಆಕೆ ತೆರೆದಿರಲಿಲ್ಲ.

ಕಣ್ಣೀರು ಸುರಿಯಿತು. ಒರೆಸಿಕೊಳ್ಳದೆ ಒಳಗೆ ಹೋಗಿ ಬಿಲ್ಲಿನ ಹುರಿ ಬಿಚ್ಚಿ ತಂದಳು.

"ಇದು ಆರನೇದ ಆಗತೈತೇನ್ರಿ?"

ಅಮೋಘಸಿದ್ಧ ಆ ಹುರಿ ನೋಡಿದ, ಖಾಲಿ ಬಿಲ್ಲು ನೋಡಿದ, ಅವಳನ್ನು ನೋಡಿದ.

"ಆಗತೈತ್ರಿ... ಆದ್ರ ನಾಳೆ ಮುಂಜಾನೆ ನನ್ನ ಬಸ್ಸು..."

"ಬಸ್ಸಿನ್ಯಾಗ ಎಷ್ಟ ಮಂದಿಗೆ ಜಾಗಾ ಐತಿ?"

"ಇಂದ್ರಾ..." ಮೊದಲ ಸಲ ಹೆಸರು ಹಿಡಿದು ಕರೆದ. "ಕೇಳೂ ಧೈರ್ಯ ಇರಲಿಲ್ಲ. ಈಗ ಕೇಳತೇನಿ. ಬರ್ತೀಯೇನು?"

"ಮೊದಲ ಉಡಿಕಿ ಆಗಲಿ!" ಒಳಗಿನಿಂದ ಸಾತವ್ವನ ಗದರಿಕೆ ಬಂತು. "ಬಸ್ಸೇನು ದಿನಾ ಬರ್ತಾವು. ಮತ್ತ ಮುದ್ದೇಬಿಹಾಳಕ್ಕ ನಾನೂ ಬರಾಕಿ! ಈ ಪತ್ರಾ ಬಾಗಿಲಾ ಕಾಯಕೋತ ನಾ ಕೂಡಾಕಿಯಲ್ಲ!"

ಇಬ್ಬರೂ ನಕ್ಕರು, ಅಳುತ್ತಲೇ. ಅಮೋಘಸಿದ್ಧ ಹೊಸ್ತಿಲ ಆಚೆ ಇನ್ನೂ ನಿಂತೇ ಇದ್ದ.

"ಒಳಗ ಬರ್ಲೇನು?"

ಇಂದ್ರಾಬಾಯಿ ಅವನ ತೋಳಲ್ಲಿದ್ದ ಗಿಟಾರಿನ ಬೆನ್ನ ಮೇಲೆ, ಆ ಸಣ್ಣ ತಗ್ಗಿನ ಮೇಲೆ, ಬೆರಳಿಟ್ಟಳು.

"ಬಾಗಿಲಾ ನಿಮ್ಮ ಕೈಯಾಗನ ಐತಿ. ಇನ್ನೇನ ಕೇಳತೀರಿ? ಬರ್ರಿ."