ವಯಸ್ಸು ಕೇಳಬಾರದ ಪಿಯಾನೋ

"ಬೆಲೆ ಎಷ್ಟಾದ್ರೂ ಕಟ್ಟಮ್ಮಾ. ವಯಸ್ಸು ಮಾತ್ರ ಅದರ ಮುಂದೆ ಬಾಯಿಬಿಟ್ಟು ಯೋಳ್ಬೇಡ," ಎಂದಳು ವೆಂಕಟಲಕ್ಷ್ಮಮ್ಮ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬಾಗಿಲಿಗೆ ಒರಗಿದ್ದಳು.

ಕಾರಿಮಂಗಲದ ಆ ನೇಕಾರರ ಮನೆಯ ಹಿಂಕೋಣೆಗೆ ಕಿಟಕಿ ಇರಲಿಲ್ಲ. ಹಿಂದೆ ಮಗ್ಗವಿದ್ದ ಗುಂಡಿಯ ಪಕ್ಕದಲ್ಲಿ ಪಿಯಾನೋ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ನುಸಿಗುಂಡಿನ ವಾಸನೆ, ಅದರಡಿ ಹಸಿ ರೇಷ್ಮೆಯ ಅಂಟು ವಾಸನೆ.

"ಯಾಕೆ, ಅದಕ್ಕೆ ನಾಚಿಕೆ ಆಗತ್ತಾ?" ಪ್ರಣತಿ ನಕ್ಕಳು.

"ಮಾಟ ಐತೆ ಒಳಗೆ. ಅದರ ಮೇಲೆ ಯಾರ ಕೈ ಇರ್ತದೋ, ಯೋಳಿದ ವಯಸ್ಸು ಆ ಕೈಗೆ ಓಗ್ತದೆ. ಹಸುಗೂಸಿನ ವಯಸ್ಸ ಕಂಡೋರ ಮುಂದೆ ಯೋಳ್ತೀವಾ? ಇದೂ ಅಂಗೇ."

"ಕೇಳಿದ್ಯೇನೇ ಇಂದುಜಾ? ಪಿಯಾನೋಗೂ ಮಾಟ, ಸೆಯ್‌ವಿನೈ ಎಲ್ಲ ಮಾಡಿಸ್ತಾರಂತೆ. ಇನ್ನು ಮಿಕ್ಸಿ, ಗ್ರೈಂಡರ್‌ಗೂ ನಿಂಬೆಹಣ್ಣು ಕಟ್ಟಬೇಕು."

"ಬಿಡಿ ಮಿಸ್, ಪಾವಂ, ಪಾಪ ಅವರು," ಎಂದಳು ಇಂದುಜಾ, ನಗು ತಡೆಯುತ್ತಾ.

ಇಂದುಜಾಳಿಗೆ ಇಪ್ಪತ್ತೆರಡು. ಏಳು ವರ್ಷದವಳಿದ್ದಾಗ ಸೇಲಂನಲ್ಲಿ ಪ್ರಣತಿಯ ಮನೆಗೆ ಪಾಠಕ್ಕೆ ಬಂದವಳು. ಚೆನ್ನೈನಲ್ಲಿ ದೊಡ್ಡ ಪರೀಕ್ಷೆಗಳನ್ನೆಲ್ಲ ಮುಗಿಸಿ ಈಗ ಹಿಂದಿರುಗಿದ್ದಳು. ಪ್ರಣತಿಯ ಮನೆಯಿಂದ ಎರಡು ಬೀದಿ ಆಚೆ ಸ್ವಂತ ಕ್ಲಾಸು ತೆರೆಯಲಿದ್ದಳು. ಬೋರ್ಡು ಏಳುವ ಮೊದಲೇ ಮೂರು ಮನೆಯವರು ಪ್ರಣತಿಯ ಪಾಠ ಬಿಡಿಸಿದ್ದರು. ಹುಡುಗಿಗೆ ಇನ್ನು ಬೇಕಾಗಿದ್ದದ್ದು ಒಂದು ನಿಜವಾದ ಪಿಯಾನೋ. ಪ್ರಣತಿ ಇಷ್ಟು ವರ್ಷ ಕಲಿಸಿದ್ದು ಪ್ಲಾಸ್ಟಿಕ್ ಕೀಬೋರ್ಡಿನ ಮೇಲೆ.

"ನೀವೇ ನೋಡಿ ಹೇಳ್ಬೇಕು ಮಿಸ್. ನಿಮ್ಮಂಥ ಕಿವಿ ಯಾರಿಗಿದೆ?" ಎಂದು ಅವಳೇ ಕರೆತಂದಿದ್ದಳು. ಆ ಮುಗ್ಧತೆಯೇ ಪ್ರಣತಿಗೆ ಹೆಚ್ಚು ಚುಚ್ಚಿತ್ತು. ಇತ್ತೀಚೆಗೆ ಬೆಳಗ್ಗೆ ಏಳುವಾಗ ಅವಳ ಉಂಗುರದ ಬೆರಳು ಮಡಚಿಕೊಂಡೇ ಇರುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಪಿಯಾನೋ ಸೌದೆಗೂ ಆಗದು ಎಂದು ಇಂದುಜಾಳನ್ನು ಹಿಂದಕ್ಕೆ ಕಳಿಸುವುದು, ಮುಂದಿನ ವಾರ ತಾನೊಬ್ಬಳೇ ಬಂದು ಕೊಳ್ಳುವುದು. ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದ್ದು ಇದನ್ನೇ.

ಮೇಲಿನ ಮುಚ್ಚಳ ಎತ್ತಿ ಫೋನಿನ ಬೆಳಕು ಬಿಟ್ಟಳು. ಬಿಳಿ ಕೀಗಳ ಮೇಲೆ ಬೆರಳಾಡಿಸಿದಳು. ದಂತವಾಗಿದ್ದರೆ ಎರಡು ತುಂಡು ಕೂಡಿಸಿದ ಸಣ್ಣ ಗೆರೆ ಸಿಗಬೇಕು. ಸಿಗಲಿಲ್ಲ. ಪ್ಲಾಸ್ಟಿಕ್, ಅಂದರೆ ತೀರ ಹಳೆಯದಲ್ಲ. ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ನಂಬರು ಅಚ್ಚಾಗಿತ್ತು. ಅದನ್ನು ಫೋನಿನಲ್ಲಿ ಹುಡುಕಿದಳು. ಸಾವಿರದ ಒಂಬೈನೂರ ಐವತ್ತೆಂಟು. ಅರವತ್ತೇಳು ವರ್ಷ. ಚೆನ್ನೈನಲ್ಲಿ ಇಂಥದ್ದಕ್ಕೆ ಎರಡೂವರೆ ಲಕ್ಷ ಕಣ್ಣುಮುಚ್ಚಿ ಕೊಡುತ್ತಾರೆ.

ಆದರೆ ಒಂದು ವಿಷಯ ಹೊಂದಲಿಲ್ಲ. ಅಷ್ಟು ವರ್ಷ ನುಡಿಸಿದ ಪಿಯಾನೋದ ಒಳಗಿನ, ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆಗಳಲ್ಲಿ ತಂತಿ ತಾಗಿ ತಾಗಿ ಗೆರೆ ಬಿದ್ದಿರಬೇಕು. ಈ ಸುತ್ತಿಗೆಗಳ ಉಣ್ಣೆ ನಿನ್ನೆ ಅಂಟಿಸಿದಂತೆ ಉಬ್ಬಿಕೊಂಡಿತ್ತು. ತಂತಿಗಳಲ್ಲಿ ಚೂರೂ ತುಕ್ಕಿಲ್ಲ.

"ಇದನ್ನ ಯಾರೂ ನುಡಿಸಿಲ್ವಾ?"

"ಯೇರ್ಕಾಡಿನ ದೊರೆ ಬಂಗಲೆಯಿಂದ ನಮ್ಮಾವ ತಂದಿದ್ದು. ಬಂದ ಸೊಸೆಯರು ಬೆಳಗಿಂದ ಸಂಜೆಗಂಟ ನುಡಿಸಿದ್ರು." ವೆಂಕಟಲಕ್ಷ್ಮಮ್ಮ ಸೆರಗನ್ನು ಇನ್ನೂ ಬಿಗಿದುಕೊಂಡಳು. "ಇದು ಸವೆಯಾಕಿಲ್ಲ ಕಣಮ್ಮಾ."

ಇಂದುಜಾ ಅಷ್ಟರಲ್ಲಿ ಸ್ಟೂಲು ಎಳೆದು ಕೂತಿದ್ದಳು. ನುಡಿಸಿದಳು.

ಆ ಬೆರಳುಗಳು ಕಪ್ಪು ಬಿಳುಪಿನ ಮೇಲೆ ನೀರಿನಂತೆ ಹರಿದವು. ಎಡಗೈ ಬಲಗೈಯನ್ನು ಅಣಕಿಸಿತು, ಬಲಗೈ ಓಡಿತು, ಎರಡೂ ಒಟ್ಟಿಗೆ ಬಂದು ಸೇರಿದವು. ಪ್ರಣತಿಗೆ ಎಂದೂ ಒಲಿಯದಿದ್ದ ಒಂದು ಮೃದುತ್ವ ಅಲ್ಲಿತ್ತು. ಹುಡುಗಿ ಅದನ್ನು ಕಷ್ಟಪಟ್ಟು ತರುತ್ತಲೂ ಇರಲಿಲ್ಲ. ಯಾಕೆ ಇವಳಿಗೆ?

"ಸೂಪರಾ ಇದೆ ಮಿಸ್!" ಇಂದುಜಾ ಕೀಗಳಿಂದ ಕೈ ತೆಗೆಯದೆ ತಿರುಗಿದಳು. "ಹೇಳಿ, ಎಷ್ಟು ವಯಸ್ಸು ಇದಕ್ಕೆ?"

"ಬ್ಯಾಡ. ಆಚೆ ಓಗಿ ಯೋಳು," ಎಂದಳು ವೆಂಕಟಲಕ್ಷ್ಮಮ್ಮ.

ಪ್ರಣತಿ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ನೂರಿಪ್ಪತ್ತು," ಎಂದಳು. "ತೀರ ಮುದಿ. ಸೌದೆಗೂ ಬೇಡ."

ಪಕ್ಕದ ಮನೆಯ ಮಗ್ಗದ ಸದ್ದು ತಟ್ಟನೆ ನಿಂತಿತು. ಕರೆಂಟು ಹೋಯಿತು. ಪಿಯಾನೋದ ಒಳಗಿಂದ ಒಂದು ಶಬ್ದ ಬಂತು, ತಂತಿಯದಲ್ಲ, ಯಾರೋ ದೀರ್ಘವಾಗಿ ಉಸಿರು ಎಳೆದುಕೊಂಡದ್ದು.

"ಮಿಸ್, ಕೈ ಬರ್ತಿಲ್ಲ."

ಪ್ರಣತಿ ಫೋನಿನ ಬೆಳಕು ತಿರುಗಿಸಿದಳು. ಕೈಗಳು ಕೀಗಳಿಗೆ ಅಂಟಿದ್ದವು. ಚರ್ಮ ಸಡಿಲಿತು. ಸುಕ್ಕಾಯಿತು. ಬೆರಳ ಗೆಣ್ಣುಗಳು ಉಬ್ಬಿದವು. ಉಗುರು ಹಳದಿಯಾಯಿತು. ನರಗಳು ಹಗ್ಗದಂತೆ ಮೇಲೆದ್ದವು. ಮುಖ ಇಪ್ಪತ್ತೆರಡರದು. ಕೈ ಹೆಣದ್ದು.

"ವಲಿಕ್ಕುದು ಮಿಸ್! ನೋವು! ಅಮ್ಮಾ!"

ವೆಂಕಟಲಕ್ಷ್ಮಮ್ಮ ಓಡಿ ಬಂದಳು. ಸೆರಗು ಜಾರಿತು. ಅವಳ ಕೈಗಳು ಒಣಗಿದ ಬೇರಿನಂತೆ ಮುರುಟಿದ್ದವು.

"ನಂಗೂ ಇಂಗೇ ಮಾಡಿದ್ಲು ನನ್ನ ಓರಗಿತ್ತಿ. ನಾನು ಚೆನ್ನಾಗಿ ನುಡಿಸ್ತೀನಿ ಅಂತ, ಬೆಟ್ಟದ ಮೇಲಿಂದ ಮಾಟಗಾರನ್ನ ಕರೆಸಿ. ನಿಜವಾದ ವಯಸ್ಸು ಯೋಳು ಅಂತ ಅವಳ ಕಾಲು ಇಡಕಂಡೆ. ಯೋಳ್ಲಿಲ್ಲ! ನೀನು ಯೋಳು! ನಿನ್ನ ಕೈ ಇಟ್ಟು ನಿಜ ಯೋಳು!"

"ಇಟ್ಟರೆ?"

"ಅವಳದು ಬಿಟ್ಟೋಗ್ತದೆ. ನಿಜವಾದ್ದು ನಿಂಗೆ ಬರ್ತದೆ. ಬಿರ್ರನೆ!"

ಅರವತ್ತೇಳು. ನಾಲಿಗೆಯ ತುದಿಯಲ್ಲೇ ಇತ್ತು.

ಪ್ರಣತಿ ಅಲ್ಲಾಡಲಿಲ್ಲ. ಹುಡುಗಿ ಕಿರುಚುತ್ತಿದ್ದಳು. ಆ ಕಿರುಚಾಟದ ನಡುವೆ ಪ್ರಣತಿಯ ಎದೆಯಲ್ಲಿ ಬೆಚ್ಚಗಿನದೊಂದು ಅರಳಿತು. ಎರಡು ಬೀದಿ ಆಚೆಯ ಕ್ಲಾಸು ಇನ್ನು ತೆರೆಯುವುದಿಲ್ಲ. ಬಿಟ್ಟುಹೋದ ಮಕ್ಕಳು ಹಿಂದಿರುಗುತ್ತಾರೆ. ಸುಮ್ಮನಿದ್ದರೆ ಸಾಕು. ಇವರು ಹೇಳಿದರೂ ಯಾರೂ ನಂಬುವುದಿಲ್ಲ.

ಆಗ ಅವಳಿಗೆ ಇಂದುಜಾಳ ಮಣಿಕಟ್ಟು ಕಂಡಿತು. ಬೆರಳುಗಳು ಸಾಯುತ್ತಿದ್ದರೂ ಅದು ಕುಸಿದಿರಲಿಲ್ಲ. ಬೊಗಸೆಯಲ್ಲಿ ಹಕ್ಕಿಮರಿ ಇದೆಯೆಂಬಂತೆ ಮೇಲೆತ್ತಿಕೊಂಡೇ ಇತ್ತು. ಹಾಗೆ ಹಿಡಿಯುವುದನ್ನು ಕಲಿಸಿದವಳು ಪ್ರಣತಿಯೇ.

ಬೈದುಕೊಂಡಳು. ಯಾರನ್ನೆಂದು ತಿಳಿಯಲಿಲ್ಲ. ಎರಡೂ ಕೈಗಳನ್ನು ಕೀಗಳ ಮೇಲೆ ಅಪ್ಪಳಿಸಿದಳು.

"ಅರವತ್ತೇಳು!"

ಚಳಿ. ಬೆರಳ ತುದಿಯಿಂದ ಮೂಳೆಯೊಳಕ್ಕೆ. ಏನೋ ಹೀರಿತು. ಏನೋ ತುಂಬಿತು. ಉಂಗುರದ ಬೆರಳು ಮಡಚಿತು. ಅದರ ಪಕ್ಕದ್ದು. ಎಲ್ಲವೂ.

ಸೇಲಂ ಕಡೆಗೆ ಕಾರನ್ನು ಇಂದುಜಾಳೇ ಓಡಿಸಿದಳು. ತೊಪ್ಪೂರಿನ ಇಳಿಜಾರಿನಲ್ಲಿ ಲಾರಿಗಳ ಬ್ರೇಕು ಸುಟ್ಟ ವಾಸನೆ ಬರುತ್ತಿತ್ತು. ಸ್ಟಿಯರಿಂಗಿನ ಮೇಲೆ ಅವಳ ಕೈಗಳು ನಯವಾಗಿ, ಮೊದಲಿಗಿಂತಲೂ ಎಳಸಾಗಿ ಕಾಣುತ್ತಿದ್ದವು. ಪ್ರಣತಿಯ ಕೈಗಳು ಮಡಿಲಲ್ಲಿ ಬೇರೆ ಯಾರವೋ ಆಗಿ ಬಿದ್ದಿದ್ದವು.

"ನೀವು ಇಲ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ ಮಿಸ್." ಇಂದುಜಾ ಮೂಗು ಒರೆಸಿಕೊಂಡಳು. "ನೀವು ಒಂದೂ ಕವಲೆ ಪಡಬೇಡಿ, ಚಿಂತೆ ಬೇಡ. ನಿಮ್ಮ ಹತ್ರ ಬರೋ ಮಕ್ಕಳಿಗೆಲ್ಲ ಇನ್ಮೇಲೆ ನಾನೇ ಹೇಳಿಕೊಡ್ತೀನಿ. ಒಬ್ಬರನ್ನೂ ಬಿಡಲ್ಲ. ಪ್ರಾಮಿಸ್."

"ಆಗಲಿ," ಎಂದಳು ಪ್ರಣತಿ.

ಇಂದುಜಾ ಕೃತಜ್ಞತೆಯಿಂದ ಕೈ ಚಾಚಿ ಆ ಮುರುಟಿದ ಬೆರಳುಗಳನ್ನು ಸವರಿದಳು. ಅದೆಷ್ಟು ಬೆಚ್ಚಗಿನ, ಅದೆಷ್ಟು ಮೆತ್ತನೆಯ ಕೈ. ಪ್ರಣತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದಿದ್ದರೆ.