ಸುಣ್ಣದ ಬೊಟ್ಟು

ಯುದ್ಧ ಮುಗಿದ ಮರುವರ್ಷ ಸೊಲ್ಲಾಪುರ ರಸ್ತೆಯ ತಗಡಿನ ಶೆಡ್ಡಿನಲ್ಲಿ ಶಂಕ್ರೆಪ್ಪ ಸಾಹುಕಾರರು ಬಿಡಿಭಾಗ ತರಿಸಿ ವಿಮಾನ ಕಟ್ಟಿಸುತ್ತಿದ್ದರು. ಪೆಟ್ರೋಲ್, ಬ್ರೇಕಿನ ಪೈಪು ಕೂಡಿಸುತ್ತಿದ್ದ ಲಾಡಲೇಸಾಬ ತೀರಿಹೋದ ಮೇಲೆ ಆ ಕೆಲಸ ನನಗೆ ಬಂತು. ಬಿಗಿದ ನಟ್ಟಿಗೆಲ್ಲ ಎಲೆಯಡಿಕೆಯ ಸುಣ್ಣದ ಬೊಟ್ಟು ಇಡುವುದು ಅವನ ರೂಢಿ. ನನಗೆ ನನ್ನ ಕೈಯ ಮೇಲೆ ನಂಬಿಕೆ, ಗುರುತು ಇಡುವವನಲ್ಲ.

“ನಾಳೆ ಹಾರಸೂದೈತಿ. ಎಲ್ಲಾ ಬಿಗಿ ಅದಾವಲ್ಲೋ?” ಎಂದರು ಸಾಹುಕಾರರು.

“ಚಿಂತಿ ಬಿಡ್ರಿ.”

ಬೀಗ ಹಾಕಿಕೊಂಡು ಹೋಗಿ ಮಧ್ಯಾಹ್ನದ ಊಟ ಮುಗಿಸಿ ಬಂದೆ. ಒಂದನ್ನು ಬಿಟ್ಟು ಎಲ್ಲ ನಟ್ಟುಗಳ ಮೇಲೂ ಸುಣ್ಣವಿತ್ತು. ಅಂಥ ಧಗೆಯಲ್ಲೂ ಒಣಗಿರಲಿಲ್ಲ. ಪೆಟ್ರೋಲ್ ಪೈಪಿನ ಆ ಒಂದು ನಟ್ಟಿಗೆ ಪಾನಾ ಹಾಕಿದೆ. ಅರ್ಧ ಸುತ್ತು ತಿರುಗಿತು. ಬಿಗಿದು, ಬಾಗಿಲಲ್ಲೇ ನಿಂತು ಕೈ ತೊಳೆದು ತಿರುಗಿದೆ.

ಅದರ ಮೇಲೂ ಹಸಿ ಸುಣ್ಣವಿತ್ತು.