ಅಚ್ಚಿನ ಮುಖಕ್ಕೆ ಕಣ್ಣು

ಫ್ಲಾರೆನ್ಸಿನ ನಮ್ಮ ಚಿತ್ರಶಾಲೆಯಲ್ಲಿ ಸತ್ತವರ ಚಿತ್ರ ಬರೆಯುತ್ತಿದ್ದುದು ಅವರ ಮುಖದಿಂದ ತೆಗೆದ ಗಾರೆ ಅಚ್ಚು ನೋಡಿಕೊಂಡು. ಅಚ್ಚಿನಲ್ಲಿ ಮುಚ್ಚಿದ ಕಣ್ಣನ್ನು ಕಾಗದದಲ್ಲಿ ನಾವೇ ತೆರೆಸಬೇಕು. ನಮ್ಮ ಯಜಮಾನ ಲಾಪೋ ಮಹಾಶಯ ಎಲ್ಲರಿಗೂ ತನ್ನ ಅಡುಗೆಯವಳ ಕಣ್ಣನ್ನೇ ಅಂಟಿಸುತ್ತಿದ್ದ. ಹಾಗಾಗಿ ಊರಿನ ಸತ್ತ ಸಿರಿವಂತರೆಲ್ಲ ಸಾರು ಉಕ್ಕೀತೆಂಬ ಗಾಬರಿಯಲ್ಲೇ ಗೋಡೆಯಿಂದ ನೋಡುತ್ತಿದ್ದರು.

ಮೊನ್ನಾ ಸ್ಮೆರಾಲ್ದಾ ಎಂಬವರ ತೀರಿಕೊಂಡ ಮಗಳನ್ನು ಮಾತ್ರ ನಾನು ಬರೆದೆ. ಕೂದಲಿಗೆ ಕಪ್ಪು ಬಳಪ, ಕೆನ್ನೆಗೆ ಕೆಂಪು, ಕಡೆಗೆ ತೆರೆದ ಕಣ್ಣಿಗೆ ಬಿಳಿ ಚುಕ್ಕೆ. ಕೆಂಪನ್ನು ಬೆರಳಲ್ಲಿ ತೀಡಿದಾಗ ಕಾಗದ ಬೆಚ್ಚಗಿತ್ತು.

"ಬಿಸಿಲು ಕಣಯ್ಯಾ," ಎಂದ ಲಾಪೋ. ನಾನು ಕೂತಿದ್ದದ್ದು ಬಿಸಿಲೇ ಬೀಳದ ಉತ್ತರದ ಕಿಟಕಿಯ ಬಳಿ.

ತಾಯಿ ಬಂದರು. "ಬದುಕಿದ್ದಾಗಂತೂ ನನ್ನ ಮುಖ ನೋಡ್ಲಿಲ್ಲ. ಚಿತ್ರದಲ್ಲಾದ್ರೂ ಒಂದ್ಸಲ ನೋಡ್ಲಪ್ಪಾ."

ಚಿತ್ರವನ್ನು ಅವರತ್ತ ತಿರುಗಿಸಿದೆ. ಕಣ್ಣು ಮುಚ್ಚಿದ್ದವು.

"ಅಚ್ಚನ್ನೇ ನಕಲು ಮಾಡಿದೀಯಲ್ಲೋ ಕತ್ತೆ!" ಲಾಪೋ ಬಳಪ ಅಳಿಸುವ ಬ್ರೆಡ್ಡಿನ ತಿರುಳಿನಿಂದ ರೆಪ್ಪೆ ಉಜ್ಜಿದ. ರೆಪ್ಪೆ ಅಳಿಯಲಿಲ್ಲ, ತಿರುಳು ಒದ್ದೆಯಾಯಿತು.

"ಬಿಡಿ," ಎಂದರು ತಾಯಿ. "ನನ್ನ ಕಂಡ್ರೆ ಹೀಗೇ ಮಾಡ್ತಿದ್ಲು." ಚಿತ್ರವನ್ನು ಬಿಟ್ಟೇ ಹೊರಟರು.

ಅವರ ಹೆಜ್ಜೆಯ ಸದ್ದು ಬೀದಿಯಲ್ಲಿ ಅಡಗಿದ ಮೇಲೆ ನೋಡಿದೆ. ಕಣ್ಣು ತೆರೆದಿದ್ದವು. ನಾನು ಬರೆದದ್ದು ನೇರ ನೋಟ. ಈಗ ಅದು ಬಾಗಿಲ ಕಡೆಗಿತ್ತು.